ಸುಣ್ಣದ ಲೆಕ್ಕ

ಪ್ರಕೃತಿಯಲ್ಲಿ ಬದಲಾವಣೆ ಎಡೆಬಿಡದೆ ನಡೆಯುತ್ತಿರುತ್ತದೆ. ಮಂಜುಗಡ್ಡೆ ಕರಗಿ ನೀರಾಗುತ್ತದೆ. ನೀರು ಕಾದು ಆವಿಯಾಗುತ್ತದೆ. ಸೌದೆ ಉರಿದು ಬೂದಿಯಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೊದಲಿನ ಎರಡರಲ್ಲಿ ವಸ್ತುವಿನ ಸ್ಥಿತಿ ಮಾತ್ರ ಬದಲಾಗುತ್ತದೆ. ಆವಿಯನ್ನು ತಣಿಸಿದರೆ ಅದೇ ನೀರು ಮರಳಿ ದೊರೆಯುತ್ತದೆ. ಇದು ಭೌತ ಬದಲಾವಣೆ. ಕೊನೆಯ ಎರಡರಲ್ಲಿ ಹಳೆಯ ವಸ್ತು ಅಳಿದು ಬೇರೆ ಗುಣಗಳುಳ್ಳ ಹೊಸ ವಸ್ತು ಹುಟ್ಟುತ್ತದೆ. ಇದು ರಾಸಾಯನಿಕ ಬದಲಾವಣೆ. ಈ ಭೇದವನ್ನು ಪುಸ್ತಕದಲ್ಲಿ ಓದಿ ಕಂಠಪಾಠ ಮಾಡುವುದು ಸುಲಭ. ಆದರೆ ಒಬ್ಬ ಮನುಷ್ಯನ ಮಾನವೇ ಅದನ್ನು ಅವಲಂಬಿಸಿರಬಹುದೆಂಬುದನ್ನು ನಾನು ಕಂಡದ್ದು ಸುಣ್ಣದ ಗೂಡಿನ ಬಳಿಯಲ್ಲಿ.

ಆಗ ನಾನು ಪ್ರೌಢಶಾಲೆಯ ವಿದ್ಯಾರ್ಥಿ. ನಮ್ಮೂರಿನ ಹೊರಗೆ ಒಬ್ಬ ವೃದ್ಧನ ಸುಣ್ಣದ ಗೂಡಿತ್ತು. ಕಲ್ಲನ್ನೂ ಇದ್ದಿಲನ್ನೂ ಪದರಪದರವಾಗಿ ತುಂಬಿ, ಬೆಂಕಿಯಿಟ್ಟು, ರಾತ್ರಿಯೆಲ್ಲ ಎಚ್ಚರವಾಗಿದ್ದು ಅವನು ಸುಣ್ಣ ಸುಡುತ್ತಿದ್ದ. ಮನೆ ಕಟ್ಟಿಸುತ್ತಿದ್ದ ಶ್ರೀಮಂತರೊಬ್ಬರು ಕಲ್ಲನ್ನು ತೂಗಿಸಿ ಅವನಿಗೆ ಒಪ್ಪಿಸಿದ್ದರು. ಸುಣ್ಣ ಬಂದಾಗ ಅದನ್ನೂ ತೂಗಿಸಿದರು. ಕಲ್ಲಿನ ತೂಕದ ಅರ್ಧಕ್ಕಿಂತ ತುಸುವೇ ಹೆಚ್ಚಿತ್ತು! "ಉಳಿದದ್ದನ್ನು ಯಾರಿಗೆ ಮಾರಿದೆ?" ಎಂದು ಗದರಿಸಿ, ಅವನ ಕೂಲಿಯಲ್ಲಿ ಅರ್ಧವನ್ನು ಹಿಡಿದುಕೊಂಡರು. "ಬೆಂಕಿ ತಿಂದದ್ದನ್ನು ನಾನೆಲ್ಲಿಂದ ತರಲಿ, ಬುದ್ಧಿ?" ಎಂದು ಆ ವೃದ್ಧ ಕೈಮುಗಿದು ನಿಂತ. ನೆರೆದವರಲ್ಲಿ ಯಾರೂ ಅವನ ಮಾತನ್ನು ನಂಬಲಿಲ್ಲ.

ಅವನ ಪರವಾದ ಸಾಕ್ಷ್ಯ ನನಗೆ ದೊರೆತದ್ದು ಮುಂದೆ ಕಾಲೇಜಿನ ರಸಾಯನಶಾಸ್ತ್ರದ ತರಗತಿಯಲ್ಲಿ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1756ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಪ್ರಶ್ನೆಯನ್ನು ತಕ್ಕಡಿಯ ಮುಂದಿಟ್ಟಿದ್ದ. ಸುಣ್ಣದ ಕಲ್ಲನ್ನು ಸುಟ್ಟಾಗ ಕುಗ್ಗುವ ತೂಕವು ಅದರೊಳಗೆ ಸೆರೆಯಾಗಿದ್ದ ಒಂದು ವಾಯುವಿನದೆಂದು ಅವನು ತೋರಿಸಿದ. ಆ ವಾಯುವೇ ಇಂಗಾಲದ ಡೈಆಕ್ಸೈಡ್. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯವು ಸೃಷ್ಟಿಯಾಗುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ತತ್ತ್ವವನ್ನು ಫ್ರಾನ್ಸಿನ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಸ್ಪಷ್ಟಪಡಿಸಿದ.

ಈಗ ಲೆಕ್ಕವನ್ನು ನೋಡಿರಿ. ಶುದ್ಧವಾದ 100 ಗ್ರಾಂ ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪೂರ್ಣವಾಗಿ ಸುಟ್ಟರೆ 44 ಗ್ರಾಂ ವಾಯು ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಕುದಿದು ಅರಳಿ, 18 ಗ್ರಾಂ ನೀರನ್ನು ತನ್ನಲ್ಲಿ ಸೇರಿಸಿಕೊಂಡು 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ 44 ಗ್ರಾಂ ವಾಯುವನ್ನು ಮೆಲ್ಲಮೆಲ್ಲನೆ ಹೀರಿ, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕಲ್ಲಾಗಿ ಗಟ್ಟಿಗೊಳ್ಳುತ್ತದೆ. ಗೂಡಿನಲ್ಲಿ ಕಾಣೆಯಾದದ್ದು ಗೋಡೆಯ ಮೇಲೆ ತುಂಬಿಬಂದಿತು. ಆ ವೃದ್ಧ ಒಂದು ಚಿಟಿಕೆಯನ್ನೂ ಕದ್ದಿರಲಿಲ್ಲ.

ಕಣ್ಣಿಗೆ ಕಾಣದ ವಾಯುವಿಗೂ ತೂಕವುಂಟೆಂಬ ತಿಳಿವು ಅಂದು ಅಲ್ಲಿ ಒಬ್ಬರಿಗಿದ್ದಿದ್ದರೂ ಅವನ ಕೂಲಿ ಉಳಿಯುತ್ತಿತ್ತು. ಇಂದು ಆ ತಿಳಿವು ಇನ್ನೂ ದೊಡ್ಡ ಲೆಕ್ಕಕ್ಕೆ ಬೇಕಾಗಿದೆ. ಸಿಮೆಂಟಿನ ಕಾರ್ಖಾನೆಗಳಲ್ಲಿ ಸುಡುವುದೂ ಇದೇ ಸುಣ್ಣದ ಕಲ್ಲನ್ನು. ಅಲ್ಲಿ ಇಂಧನದಿಂದಲೂ ಕಲ್ಲಿನೊಳಗಿನಿಂದಲೂ ಹೊರಡುವ ಇಂಗಾಲದ ಡೈಆಕ್ಸೈಡ್ ವಾಯುಮಂಡಲವನ್ನು ಸೇರಿ ಭೂಮಿಯ ತಾಪವನ್ನು ಹೆಚ್ಚಿಸುತ್ತಿದೆ. ಚಿಮಣಿಯಿಂದ ಹೊರಟದ್ದು ಕಣ್ಮರೆಯಾಯಿತೆಂದು ನಾವು ಲೆಕ್ಕದ ಪುಸ್ತಕವನ್ನು ಮುಚ್ಚುವಂತಿಲ್ಲ. ಹೋದದ್ದು ಎಲ್ಲಿಗೆ ಹೋಯಿತೆಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಈಗಿನಿಂದಲೇ ಬೆಳೆಸಿಕೊಳ್ಳಬೇಕು.