ಕಾಮಾಲೆ ಕಣ್ಣಿನ ಸುಖ

ಇಟಲಿಯ ಜಾಲ್ಲೊ ಸಿನಿಮಾದೊಳಗೆ ಸಿಕ್ಕಿಕೊಂಡವರು ಬದುಕಿ ಹೊರಬರಬೇಕಾದರೆ ಒಂದಷ್ಟು ವ್ರತನಿಯಮಗಳನ್ನು ಪಾಲಿಸಬೇಕು. ಸರಿರಾತ್ರಿಯಲ್ಲಿ ಫೋನ್ ಬಡಿದುಕೊಂಡರೆ ಎತ್ತಬಾರದು. "ಕೊಲೆಗಾರ ಯಾರು ಅಂತ ಗೊತ್ತಾಯ್ತು, ಫೋನಲ್ಲಿ ಬೇಡ, ಮನೆಗೆ ಬನ್ನಿ ಹೇಳ್ತೀನಿ" ಎಂದು ಯಾರಾದರೂ ಕರೆದರೆ ಹೋಗಬಾರದು; ನೀವು ತಲುಪುವಷ್ಟರಲ್ಲಿ ಹೇಳಬೇಕಾದವರ ಕತೆಯೇ ಮುಗಿದಿರುತ್ತದೆ. ಆರ್ಟ್ ಗ್ಯಾಲರಿ, ಫ್ಯಾಶನ್ ಮಳಿಗೆ, ಸುರುಳಿ ಮೆಟ್ಟಿಲು, ಇವುಗಳ ಹತ್ತಿರ ಸುಳಿಯಬಾರದು. ಬೇಸಿಗೆಯಲ್ಲೂ ಕಪ್ಪು ಚರ್ಮದ ಕೈಗವಸು ತೊಟ್ಟವರ ಜೊತೆ ಲಿಫ್ಟ್ ಹತ್ತಬಾರದು. ಪೊಲೀಸರನ್ನು ನಂಬಿ ಕೂರಬಾರದು. ಅವರು ಕೆಟ್ಟವರಲ್ಲ, ಪಾಪ, ಬರುವುದು ಮಾತ್ರ ತಡ. ಇಷ್ಟೆಲ್ಲ ಅನಾಹುತದ ನಡುವೆ ಒಂದು ವಸ್ತುವಿಗೆ ಮಾತ್ರ ಯಾವ ಅಪಾಯವೂ ಇಲ್ಲ: ಯಾರದೇ ಮನೆಗೆ ಹೋಗಿ, ಮೇಜಿನ ಮೇಲೆ ಜೆ ಅಂಡ್ ಬಿ ವಿಸ್ಕಿಯ ಬಾಟಲಿ ಹಾಜರಿರುತ್ತದೆ.

ಈ ನಿಯಮಗಳು ನನಗೆ ಬಾಯಿಪಾಠ. ಶನಿವಾರ ರಾತ್ರಿ ಊಟ ಮುಗಿದು, ಅಡುಗೆಮನೆಯ ದೀಪ ಆರಿದ ಮೇಲೆ ನಾನು ಟೀವಿ ಮುಂದೆ ಕೂತರೆ ಒಳಗಿನಿಂದ ಮಾತು ತೇಲಿಬರುತ್ತದೆ: "ರೀ, ಇವತ್ತೂ ಆ ಗ್ಲೌಸ್‌ನವನೇನಾ?" ಹೌದು, ಅವನೇ. ವಯಸ್ಸಾದಂತೆ ಮನುಷ್ಯ ಭಜನೆಯ ಕಡೆಗೋ ತೋಟದ ಕಡೆಗೋ ತಿರುಗುತ್ತಾನಂತೆ. ನಾನು 1970ರ ದಶಕದ ರೋಮ್ ನಗರದ ಕೊಲೆಗಳ ಕಡೆಗೆ ತಿರುಗಿದೆ.

ಈ ಸಿನಿಮಾಗಳ ಬೇರು ಅಗ್ಗದ ಪುಸ್ತಕಗಳಲ್ಲಿದೆ. ಮಿಲಾನಿನ ಮೊಂದಾದೊರಿ ಪ್ರಕಾಶನ 1929ರಲ್ಲಿ ಹಳದಿ ರಕ್ಷಾಪುಟದ ಪತ್ತೇದಾರಿ ಮಾಲೆಯೊಂದನ್ನು ಶುರುಮಾಡಿತು. ಜನ ಅದಕ್ಕೆ ಎಷ್ಟು ಮರುಳಾದರೆಂದರೆ ಇಟಲಿಯಲ್ಲಿ ಇಡೀ ಪತ್ತೇದಾರಿ ಪ್ರಕಾರಕ್ಕೇ ಆ ಹಳದಿಯ ಹೆಸರು, ಅಂದರೆ ಜಾಲ್ಲೊ, ಅಂಟಿಕೊಂಡಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ ನಮ್ಮವರಿಗೆ ಆ ಮರುಳು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನ್ನ ಕಾಮಾಲೆಗೆ ಮದ್ದಿಲ್ಲ, ಮದ್ದು ಹುಡುಕುವ ಮನಸ್ಸೂ ಇಲ್ಲ.

ಸಿನಿಮಾದಲ್ಲಿ ಇದಕ್ಕೆ ನಾಂದಿ ಹಾಡಿದವನು ಮಾರಿಯೊ ಬಾವ. ಅಪ್ಪ ಯೂಜೆನಿಯೊ ಮೂಕಿ ಚಿತ್ರಗಳ ಕಾಲದಿಂದಲೂ ಕ್ಯಾಮೆರಾ ಹಿಡಿದವನು, ಟ್ರಿಕ್ ದೃಶ್ಯಗಳಲ್ಲಿ ಪಳಗಿದವನು. ಮಗನಿಗೂ ಬೆಳಕೇ ಕಸುಬು. 1963ರಲ್ಲಿ ಬಾವ ಮಾಡಿದ 'ದಿ ಗರ್ಲ್ ಹೂ ನ್ಯೂ ಟೂ ಮಚ್' ಕಪ್ಪುಬಿಳುಪಿನ ಚಿತ್ರ. ಪತ್ತೇದಾರಿ ಕಾದಂಬರಿಗಳ ಹುಚ್ಚಿನ ಅಮೆರಿಕನ್ ಹುಡುಗಿ ರೋಮಿಗೆ ಬಂದಿಳಿದ ರಾತ್ರಿಯೇ ಸ್ಪ್ಯಾನಿಷ್ ಮೆಟ್ಟಿಲುಗಳ ಬಳಿ ಒಂದು ಕೊಲೆ ಕಾಣುತ್ತಾಳೆ. ಯಾರೂ ನಂಬುವುದಿಲ್ಲ. ಓದಿ ಓದಿ ತಲೆ ಕೆಟ್ಟಿದೆ ಎಂಬ ತೀರ್ಪು. ಮರುವರ್ಷ ಬಂದ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ಚಿತ್ರದಲ್ಲಿ ಬಾವ ಬಣ್ಣದ ಡಬ್ಬಿಯ ಮುಚ್ಚಳ ತೆಗೆದ. ಶ್ರೀಮಂತರ ಫ್ಯಾಶನ್ ಮಳಿಗೆ, ಕೆಂಪು ಬೊಂಬೆಗಳು, ಕಣ್ಣುಮೂಗಿಲ್ಲದ ಬಿಳಿ ಮುಸುಕಿನ ಕೊಲೆಗಾರ. ಕತ್ತಲ ಕೋಣೆಗೆ ಹಸಿರು ಬೆಳಕು ಎಲ್ಲಿಂದ ಬಂತು, ನೇರಳೆ ಯಾವ ಕಿಟಕಿಯದು ಎಂದು ಕೇಳಿದರೆ ಉತ್ತರವಿಲ್ಲ, ಕೇಳುವ ವ್ಯವಧಾನವೂ ನಮಗಿರುವುದಿಲ್ಲ. ದುಡ್ಡು ಸಾಲದೆ, ಮಕ್ಕಳ ಆಟದ ಗಾಡಿಯ ಮೇಲೆ ಕ್ಯಾಮೆರಾ ಇಟ್ಟು ತಳ್ಳಿದರೆಂದು ಆ ಚಿತ್ರದ ಬಗ್ಗೆ ಹೇಳುತ್ತಾರೆ. ತೆರೆಯ ಮೇಲೆ ಆ ಬಡತನದ ಸುಳಿವೇ ಇಲ್ಲ. ಕ್ಯಾಮೆರಾ ರೇಷ್ಮೆಯ ಮೇಲೆ ಜಾರಿದಂತೆ ಹೋಗುತ್ತದೆ.

ಬಾವ ಹಾಕಿಕೊಟ್ಟ ದಾರಿಯನ್ನು ಹೆದ್ದಾರಿ ಮಾಡಿದವನು ದಾರಿಯೊ ಅರ್ಜೆಂತೊ. ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಹುಡುಗ, ಸೆರ್ಜಿಯೊ ಲಿಯೋನೆಯ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಕತೆಗೆ ಬೆರ್ತೊಲುಚ್ಚಿಯ ಜೊತೆ ಕೈಜೋಡಿಸಿದವನು, 1970ರಲ್ಲಿ ತನ್ನ ಮೊದಲ ಚಿತ್ರ 'ದಿ ಬರ್ಡ್ ವಿತ್ ದಿ ಕ್ರಿಸ್ಟಲ್ ಪ್ಲುಮೇಜ್' ತಂದ. ಅದರ ಮೊದಲ ಹತ್ತು ನಿಮಿಷದಲ್ಲೇ ಜಾಲ್ಲೊದ ಗುಟ್ಟೆಲ್ಲ ಇದೆ. ರೋಮಿನಲ್ಲಿರುವ ಅಮೆರಿಕನ್ ಲೇಖಕನೊಬ್ಬ ರಾತ್ರಿ ನಡೆದುಹೋಗುತ್ತಿದ್ದಾನೆ. ರಸ್ತೆಯಾಚೆ ಒಂದು ಆರ್ಟ್ ಗ್ಯಾಲರಿ, ಒಳಗೆಲ್ಲ ಬೆಳ್ಳಗೆ ಬೆಳಕು. ಅಲ್ಲಿ ಒಬ್ಬ ಹೆಂಗಸು ಮತ್ತು ಕಪ್ಪು ಕೋಟಿನ ಒಂದು ಆಕೃತಿ ಚೂರಿಗಾಗಿ ಸೆಣಸಾಡುತ್ತಿದ್ದಾರೆ. ಇವನು ಓಡಿಬರುತ್ತಾನೆ, ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಬೀಳುತ್ತಾನೆ. ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರುವಂತಿಲ್ಲ, ಕೂಗಿದ್ದು ಯಾರಿಗೂ ಕೇಳುವುದಿಲ್ಲ. ನೆಲದ ಮೇಲೆ ಹೆಂಗಸು ನರಳುತ್ತಾಳೆ, ಇವನು ನೋಡುತ್ತಾನೆ. ನೋಡುವುದೊಂದನ್ನು ಬಿಟ್ಟು ಅವನಿಗೆ ಬೇರೆ ಕೆಲಸವೇ ಇಲ್ಲ. ನಮಗೂ ಅಷ್ಟೇ ತಾನೆ?

ಆಮೇಲಿನ ಚಿತ್ರವೆಲ್ಲ ಒಂದೇ ತುರಿಕೆ. ಕಂಡದ್ದರಲ್ಲಿ ಏನೋ ಒಂದು ಸರಿಯಿಲ್ಲ, ಅದೇನೆಂದು ಹಿಡಿತಕ್ಕೆ ಸಿಗುತ್ತಿಲ್ಲ. ಅವನು ಆ ದೃಶ್ಯವನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸುತ್ತಾನೆ, ಅರ್ಜೆಂತೊ ನಮಗೂ ಓಡಿಸಿ ತೋರಿಸುತ್ತಾನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನು ಚಿಕ್ಕಂದಿನಲ್ಲಿ ಕಾಪಿ ಪುಸ್ತಕದಲ್ಲಿ ಬರೆದು ಮರೆತಿದ್ದೆ. ಅದರ ಅರ್ಥ ಮನಸ್ಸಿಗೆ ಇಳಿದದ್ದು ಈ ಚಿತ್ರದಿಂದ. ಉಳಿದ ಪತ್ತೇದಾರಿ ಕತೆಗಳಲ್ಲಿ ಸುಳಿವು ಎಲ್ಲೋ ಅಡಗಿರುತ್ತದೆ, ಜಾಣ ಪತ್ತೇದಾರ ಹೆಕ್ಕಿ ತೆಗೆಯುತ್ತಾನೆ. ಇಲ್ಲಿ ಸುಳಿವು ಕಣ್ಣೆದುರೇ ಇತ್ತು. ನೋಡಿದವನು ತಾನು ನೋಡಲು ಬಯಸಿದ್ದನ್ನಷ್ಟೇ ನೋಡಿದ. ನನಗೆ ಜಾಲ್ಲೊ ಇಷ್ಟವಾಗುವುದು ಇದಕ್ಕೇ. ಕೊಲೆಗಾರನನ್ನು ಹಿಡಿಯುವುದಕ್ಕಿಂತ ನಮ್ಮ ಕಣ್ಣಿನ ಸೋಮಾರಿತನವನ್ನು ಹಿಡಿಯುವುದರಲ್ಲಿ ಅದಕ್ಕೆ ಹೆಚ್ಚು ಆಸಕ್ತಿ.

ಇದರ ಪರಾಕಾಷ್ಠೆ 1975ರ 'ಡೀಪ್ ರೆಡ್'. ನಾಯಕ ಡೇವಿಡ್ ಹೆಮಿಂಗ್ಸ್. ಅಂತೋನಿಯೋನಿಯ 'ಬ್ಲೋ ಅಪ್' ಚಿತ್ರದಲ್ಲಿ ತಾನು ತೆಗೆದ ಫೋಟೊದಲ್ಲೇ ಒಂದು ಕೊಲೆ ಕಂಡ ಫೋಟೊಗ್ರಾಫರ್ ಇವನೇ. ಅವನನ್ನೇ ಆರಿಸಿಕೊಂಡದ್ದರಲ್ಲಿ ಅರ್ಜೆಂತೊನ ತುಂಟತನವಿದೆ. ಇಲ್ಲಿ ಅವನು ಪಿಯಾನೊ ವಾದಕ. ಚೌಕದಲ್ಲಿ ನಿಂತು ಮೇಲಿನ ಕಿಟಕಿಯಲ್ಲಿ ಕೊಲೆ ಕಂಡು ಓಡಿಹೋಗುತ್ತಾನೆ. ಮನೆಯ ಒಳದಾರಿಯ ಗೋಡೆಗಳ ತುಂಬ ವಿಚಿತ್ರ ಮುಖಗಳ ಚಿತ್ರಗಳು. ಆಮೇಲೆ ಅವನಿಗೆ ಅನುಮಾನ: ಮೊದಲು ಕಂಡ ಒಂದು ಚಿತ್ರ ಈಗ ಅಲ್ಲಿಲ್ಲವಲ್ಲ? ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಅರ್ಜೆಂತೊ ಮೋಸ ಮಾಡಿಲ್ಲ ಎಂದಷ್ಟೇ ಹೇಳಬಲ್ಲೆ. ಎರಡನೆಯ ಸಲ ನೋಡಿದಾಗ ಇದನ್ನು ಈಗ ಸೇರಿಸಿದ್ದಾರೆ ಎಂದು ಆಣೆ ಮಾಡಿ ಹೇಳಬೇಕೆನಿಸುತ್ತದೆ. ಮೊದಲ ಸಲವೂ ಅದು ಅಲ್ಲೇ ಇತ್ತು.

ಆ ಚೌಕವೂ ಒಂದು ಸುಂದರ ಸುಳ್ಳು. ಕತೆ ರೋಮಿನಲ್ಲಿ, ಚೌಕವಿರುವುದು ಟುರಿನ್ ನಗರದಲ್ಲಿ: ಪಿಯಾತ್ಸಾ ಸಿಎಲ್ಎನ್, ಪೊ ಮತ್ತು ದೋರಾ ನದಿಗಳ ದೊಡ್ಡ ಪ್ರತಿಮೆಗಳಿರುವ ಜಾಗ. ಅಲ್ಲಿನ ಗಾಜಿನ ಬಾರ್ ಅನ್ನು ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್‌ನ 'ನೈಟ್‌ಹಾಕ್ಸ್' ನೋಡಿ ಕಟ್ಟಿಸಿದ್ದು. ಒಳಗಿನವರು ಚಿತ್ರಪಟದ ಜನರಂತೆ ಅಲುಗಾಡದೆ ಕೂತಿರುತ್ತಾರೆ. ಈ ಭಯದ ನಡುವೆಯೇ ನಗುವೂ ಇದೆ. ಪತ್ರಕರ್ತೆಯಾಗಿ ದಾರಿಯಾ ನಿಕೊಲೋದಿ ನಾಯಕನನ್ನು ತನ್ನ ಲಡಕಾಸಿ ಪುಟ್ಟ ಫಿಯಟ್ಟಿನಲ್ಲಿ ಹತ್ತಿಸಿಕೊಂಡರೆ, ಅವನ ಸೀಟು ಕುಸಿದು ಗಂಡಸಿನ ತಲೆ ಹೆಣ್ಣಿನ ಭುಜಕ್ಕಿಂತ ಕೆಳಗೆ ಇಳಿಯುತ್ತದೆ. ಹೊರದೇಶಗಳಿಗೆ ಕಳಿಸಿದ ಪ್ರತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಕತ್ತರಿಸಿದಾಗ ಮೊದಲು ಹೋದದ್ದು ಇಂಥ ತಮಾಷೆಯೇ. ನೋಡುವುದಾದರೆ 126 ನಿಮಿಷದ ಇಟಾಲಿಯನ್ ಪ್ರತಿಯನ್ನೇ ನೋಡಿ.

ಕಣ್ಣಿನ ಮಾತಾಯಿತು, ಕಿವಿಯದು ಬಾಕಿ. ಅರ್ಜೆಂತೊನ ಮೊದಲ ಮೂರು ಚಿತ್ರಗಳಿಗೆ ಸಂಗೀತ ಎನ್ನಿಯೊ ಮೊರಿಕೋನೆಯದು. ಜೋಗುಳದಂಥ ಒಂದು ರಾಗ, ಎದ್ದಾ ದೆಲ್ಲೊರ್ಸೊ ಎಂಬ ಗಾಯಕಿಯ ಮಾತಿಲ್ಲದ ಆಲಾಪ, ಹಿಂದಿನಿಂದ ಉಸಿರುಗಟ್ಟಿದಂಥ ಸದ್ದು. ಚೂರಿ ಕಾಣುವ ಮೊದಲೇ ಬೆನ್ನು ತಣ್ಣಗಾಗುತ್ತದೆ. 'ಡೀಪ್ ರೆಡ್' ಹೊತ್ತಿಗೆ ಅರ್ಜೆಂತೊ ಗಾಬ್ಲಿನ್ ಎಂಬ ಹುಡುಗರ ರಾಕ್ ತಂಡವನ್ನು ಕರೆತಂದ. ಅವರ ಕೀಬೋರ್ಡಿನ ಆ ಸುತ್ತಿ ಸುತ್ತಿ ಬರುವ ಮಟ್ಟು ಒಮ್ಮೆ ಕಿವಿಗೆ ಬಿದ್ದರೆ ಮರುದಿನ ತರಕಾರಿ ಹೆಚ್ಚುವಾಗಲೂ ಗುನುಗುತ್ತಿರುತ್ತೀರಿ. ನನ್ನ ಮನೆಯಲ್ಲಿ ಇದಕ್ಕೆ ಆಕ್ಷೇಪ ಬಂದಿದೆ.

ಮಾತುಗಳದು ಬೇರೆಯೇ ಪ್ರಪಂಚ. ಇಟಲಿಯಲ್ಲಿ ಆಗ ಶೂಟಿಂಗಿನ ಹೊತ್ತಿಗೆ ದನಿ ಹಿಡಿಯುತ್ತಿರಲಿಲ್ಲ. ಒಬ್ಬ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಇನ್ನೊಬ್ಬಳು ಇಟಾಲಿಯನ್ನಿನಲ್ಲಿ ಉತ್ತರಿಸುತ್ತಿದ್ದಳು, ಕೊನೆಗೆ ಎಲ್ಲರಿಗೂ ಸ್ಟುಡಿಯೋದಲ್ಲಿ ದನಿ ಕೂರಿಸುತ್ತಿದ್ದರು. ಹೀಗಾಗಿ ತುಟಿಗೂ ಮಾತಿಗೂ ಆಗಾಗ ವೈಮನಸ್ಸು. ಹತ್ತು ನಿಮಿಷದಲ್ಲಿ ಇದು ರೂಢಿಯಾಗುತ್ತದೆ.

ಎಲ್ಲ ಜಾಲ್ಲೊಗಳೂ ನಗರದ ನಿಯಾನ್ ಬೆಳಕಿನವಲ್ಲ. ನನ್ನನ್ನು ಹೆಚ್ಚು ಕಾಡಿದವು ಹಳ್ಳಿಯ ಹಗಲಿನವು. ಲೂಚಿಯೊ ಫುಲ್ಚಿಯ 'ಡೋಂಟ್ ಟಾರ್ಚರ್ ಎ ಡಕ್‌ಲಿಂಗ್' (1972) ದಕ್ಷಿಣ ಇಟಲಿಯ ಒಂದು ಬೆಟ್ಟದ ಊರಿನ ಕತೆ. ಮೇಲೆ ಹೊಸ ಹೆದ್ದಾರಿ, ಕೆಳಗೆ ಹಳೆಯ ಮೂಢನಂಬಿಕೆ. ಊರಿನ ಹುಡುಗರು ಒಬ್ಬೊಬ್ಬರಾಗಿ ಸಾಯುತ್ತಾರೆ. ಮಾಟಗಾತಿಯೆಂದು ಹೆಸರಾದ ಒಂಟಿ ಹೆಂಗಸಿನ ಮೇಲೆ ಗುಮಾನಿ. ಪೊಲೀಸರು ಬಿಟ್ಟುಕಳಿಸಿದ ಮೇಲೆ ಊರ ಗಂಡಸರು ಅವಳನ್ನು ಸ್ಮಶಾನದಲ್ಲಿ ಅಡ್ಡಗಟ್ಟಿ ಸರಪಳಿಯಿಂದ ಬಡಿಯುತ್ತಾರೆ. ಹಿನ್ನೆಲೆಯಲ್ಲಿ ರೇಡಿಯೊದ ಸಿಹಿಯಾದ ಪ್ರೇಮಗೀತೆ. ಅವಳು ತೆವಳಿಕೊಂಡು ಹೆದ್ದಾರಿಯ ಅಂಚಿಗೆ ಬರುತ್ತಾಳೆ. ರಜೆಗೆ ಹೊರಟ ಸಂಸಾರಗಳ ಕಾರುಗಳು ಒಂದರ ಹಿಂದೊಂದು ಬರುತ್ತವೆ. ನೋಡುತ್ತಾರೆ, ಹೋಗುತ್ತಾರೆ. ಕಂಡದ್ದು ಅರ್ಥವಾಗದ ಸಾಕ್ಷಿಗಳಲ್ಲ ಇವರು, ಅರ್ಥವಾಗಿಯೂ ನಿಲ್ಲದವರು.

ಪೂಪಿ ಅವಾತಿಯ 'ದಿ ಹೌಸ್ ವಿತ್ ಲಾಫಿಂಗ್ ವಿಂಡೋಸ್' (1976) ಇನ್ನೂ ನಿಧಾನದ್ದು. ಪೊ ನದೀಮುಖದ ಸಮತಟ್ಟು ಊರೊಂದರ ಚರ್ಚಿನಲ್ಲಿ ಸಂತ ಸೆಬಾಸ್ಟಿಯನ್ನನ ಹಾಳಾದ ಭಿತ್ತಿಚಿತ್ರವನ್ನು ಸರಿಪಡಿಸಲು ಕಲಾವಿದನೊಬ್ಬ ಬರುತ್ತಾನೆ. ಅದನ್ನು ಬರೆದವನಿಗೆ ಸಾಯುತ್ತಿರುವವರನ್ನು ಚಿತ್ರಿಸುವ ಚಟವಿತ್ತಂತೆ. ಒಂದೊಂದೇ ಪದರ ಕೆರೆದಂತೆ ಗೋಡೆಯ ಮೇಲೆ ಮುಖಗಳು ಮೂಡುತ್ತವೆ, ಊರವರ ಬಾಯಿ ಮಾತ್ರ ಬಿಗಿಯುತ್ತ ಹೋಗುತ್ತದೆ. ಇಲ್ಲಿ ಕೈಗವಸೂ ಇಲ್ಲ, ವೇಗವೂ ಇಲ್ಲ. ಬಟಾಬಯಲಿನ ಬಿಸಿಲೇ ಸಾಕು ಹೆದರಿಸಲು.

ಈ ಪ್ರೀತಿ ಕುರುಡಲ್ಲ. ಜಾಲ್ಲೊಗಳಲ್ಲಿ ತರ್ಕಕ್ಕೆ ಅರ್ಧ ರಜೆ. ಕೊನೆಯ ಐದು ನಿಮಿಷದಲ್ಲಿ ಯಾವುದೋ ಬಾಲ್ಯದ ಆಘಾತ ಉದುರಿ ಎಲ್ಲದಕ್ಕೂ ಕಾರಣವಾಗಿಬಿಡುತ್ತದೆ. ಅದಕ್ಕಿಂತ ದೊಡ್ಡ ತಕರಾರು, ಕ್ಯಾಮೆರಾ ಹೆಣ್ಣಿನ ಸಾವನ್ನು ಗಂಡಿನ ಸಾವಿಗಿಂತ ಹೆಚ್ಚು ಹೊತ್ತು, ಹೆಚ್ಚು ಅಲಂಕಾರದಿಂದ ನೋಡುತ್ತದೆ. ಬಾವನ ಫ್ಯಾಶನ್ ಮಳಿಗೆಯಿಂದಲೇ ಈ ರೋಗ ಶುರು. ಅರ್ಜೆಂತೊನ ಚಿತ್ರಗಳಲ್ಲಿ ಆ ಕಪ್ಪು ಕೈಗವಸಿನೊಳಗೆ ಬಹಳ ಸಲ ಇರುವುದು ನಿರ್ದೇಶಕನದೇ ಕೈ ಎಂದು ತಿಳಿದಾಗ ನನಗೆ ಕಸಿವಿಸಿಯಾಯಿತು. ಆ ಕೈಯ ಹಿಂದಿರುವ ಕಣ್ಣು ನನ್ನದೇ ಎಂದು ಹೊಳೆದಾಗ ಇನ್ನಷ್ಟು. ಫುಲ್ಚಿಯ ಆ ಸ್ಮಶಾನದ ದೃಶ್ಯ ಇದಕ್ಕೆಲ್ಲ ಉತ್ತರದಂತಿದೆ. ಅಲ್ಲಿ ಏಟುಗಳನ್ನು ಸವಿಯಲು ಸಾಧ್ಯವೇ ಇಲ್ಲ.

ಹೊಸಬರಿಗೆ ನನ್ನ ಸಲಹೆ ಇಷ್ಟು. 'ಕ್ರಿಸ್ಟಲ್ ಪ್ಲುಮೇಜ್'ನಿಂದ ಶುರುಮಾಡಿ, 'ಡೀಪ್ ರೆಡ್'ಗೆ ಹೋಗಿ, ಆಮೇಲೆ ಹಿಂದಕ್ಕೆ ಬಂದು ಬಾವನ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್' ನೋಡಿ. ಮಕ್ಕಳಲ್ಲಿ ಕಂಡ ಗುಣಗಳನ್ನು ತಂದೆಯಲ್ಲಿ ಗುರುತಿಸುವ ಖುಷಿ ಸಿಗುತ್ತದೆ. ಸಂಸಾರ, ಪ್ರಣಯ, ಪಿತೂರಿ ಬೇಕೆನ್ನುವವರಿಗೆ ಸೆರ್ಜಿಯೊ ಮಾರ್ತಿನೊ ಇದ್ದಾನೆ: ವಿಯೆನ್ನಾದಲ್ಲಿ ನಡೆಯುವ 'ದಿ ಸ್ಟ್ರೇಂಜ್ ವೈಸ್ ಆಫ್ ಮಿಸೆಸ್ ವಾರ್ಡ್' (1971) ಚಿತ್ರದ ಎಡ್ವಿಜ್ ಫೆನೆಕ್‌ಳನ್ನು ನೋಡಿದರೆ ಯಾವ ಗಂಡಸನ್ನೂ ನಂಬಬೇಡಮ್ಮ ಎಂದು ಕೂಗಿ ಹೇಳಬೇಕೆನಿಸುತ್ತದೆ. ಮಂಜು ಕವಿದ ಚಳಿಗಾಲದ ವೆನಿಸ್ ಬೇಕೆಂದರೆ ಆಲ್ದೊ ಲಾದೊನ 'ಹೂ ಸಾ ಹರ್ ಡೈ?' (1972); ಒಮ್ಮೆ ಜೇಮ್ಸ್ ಬಾಂಡ್ ಆಗಿದ್ದ ಜಾರ್ಜ್ ಲೇಝನ್‌ಬಿ ಅದರಲ್ಲಿ ಮಗಳನ್ನು ಕಳೆದುಕೊಂಡ ಅಪ್ಪ, ಮೊರಿಕೋನೆಯ ಮಕ್ಕಳ ಮೇಳಗಾನ ಎದೆ ಹಿಂಡುತ್ತದೆ. 'ಸುಸ್ಪೀರಿಯಾ'ವನ್ನೂ ಜಾಲ್ಲೊ ಎಂದು ಯಾರಾದರೂ ಕೈಗಿಟ್ಟರೆ ಧಾರಾಳವಾಗಿ ನೋಡಿ, ಚಿತ್ರ ಅದ್ಭುತ; ಆದರೆ ಅದು ಮಾಟಗಾತಿಯರ ಕತೆ, ಜಾಲ್ಲೊದಲ್ಲಿ ಕೊಲ್ಲುವುದು ಮನುಷ್ಯರೇ.

ಇವನ್ನು ಇಷ್ಟು ಸಲ ನೋಡಿಯೂ ಬೇಸರವಾಗುವುದಿಲ್ಲವೇ ಎಂದು ಸ್ನೇಹಿತರು ಕೇಳುತ್ತಾರೆ. ಅದಕ್ಕೊಂದು ಸರಳ ಕಾರಣವಿದೆ. ಗ್ಯಾಲರಿಯ ಬಿಳಿ ಬೆಳಕು, ಫಿಯಟ್ಟಿನ ಕುಸಿದ ಸೀಟು, ಯಾವ ಮೆಟ್ಟಿಲಿನ ಹತ್ತಿರ ಯಾವ ರಾಗ ಏಳುತ್ತದೆ, ಎಲ್ಲ ನನಗೆ ನೆನಪಿರುತ್ತದೆ. ಕೊಲೆಗಾರ ಯಾರೆಂಬುದು ಮಾತ್ರ ಹೆಚ್ಚಿನ ಚಿತ್ರಗಳಲ್ಲಿ ಆರು ತಿಂಗಳಿಗೆಲ್ಲ ಮರೆತುಹೋಗುತ್ತದೆ. ನಿಮಗೆ ನೆನಪಿದ್ದರೆ ದಯವಿಟ್ಟು ನನಗೆ ಹೇಳಬೇಡಿ. ಮುಂದಿನ ಶನಿವಾರಕ್ಕೆ ಒಂದನ್ನು ತೆಗೆದಿಟ್ಟುಕೊಂಡಿದ್ದೇನೆ.