ಫಿಲಡೆಲ್ಫಿಯಾ: ಪರದೇಶದ ವೈದ್ಯರು ಹಾದುಹೋಗುವ ಬಾಗಿಲು

ಸಾಮಾನ್ಯ ಪ್ರವಾಸಿಗನು ಫಿಲಡೆಲ್ಫಿಯಾ ನಗರಕ್ಕೆ ಹೋಗುವುದು ಬಿರುಕುಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನೂ, 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ ಸಭಾಭವನವನ್ನೂ ಕಾಣಲೆಂದು. ಆದರೆ ಎಂ.ಬಿ.ಬಿ.ಎಸ್. ಮುಗಿಸಿದ ಮಗನೋ ಮಗಳೋ ಅಮೆರಿಕಕ್ಕೆ ಹೋಗಬೇಕೆಂದು ಹಂಬಲಿಸುತ್ತಿರುವ ಮನೆಗಳಲ್ಲಿ ಈ ನಗರದ ಹೆಸರು ಬೇರೊಂದು ಕಾರಣದಿಂದ ಕೇಳಿಬರುತ್ತದೆ. ಆಸ್ಪತ್ರೆಯಲ್ಲಿ ವೇತನ ಪಡೆಯುತ್ತ, ಹಿರಿಯ ವೈದ್ಯರ ಕೈಕೆಳಗೆ ಮೂರು ವರ್ಷವೋ ಅದಕ್ಕಿಂತ ಹೆಚ್ಚೋ ದುಡಿದು ತಜ್ಞರಾಗುವ ತರಬೇತಿಗೆ ಅಲ್ಲಿ ರೆಸಿಡೆನ್ಸಿ ಎನ್ನುತ್ತಾರೆ. ಪರದೇಶದಲ್ಲಿ ಓದಿದ ವೈದ್ಯನ ಕಾಗದಪತ್ರಗಳು ಅದಕ್ಕಾಗಿ ಮೊದಲು ಹಾಯಬೇಕಾದ ಬಾಗಿಲು ಈ ನಗರದಲ್ಲಿದೆ.

ಬಾಗಿಲು ಇಲ್ಲಿರುವುದು ಒಪ್ಪುವಂತಹದೇ. ಏಕೆಂದರೆ ಆ ದೇಶದ ವೈದ್ಯಕೀಯದ ಹಳೆಯ ಬೇರುಗಳು ಇಲ್ಲಿವೆ. ಬೆಂಜಮಿನ್ ಫ್ರಾಂಕ್ಲಿನ್ ಮತ್ತು ವೈದ್ಯ ಥಾಮಸ್ ಬಾಂಡ್ ಸೇರಿ 1751ರಲ್ಲಿ ಸ್ಥಾಪಿಸಿದ ಪೆನ್ಸಿಲ್ವೇನಿಯಾ ಆಸ್ಪತ್ರೆ ಇಂದಿಗೂ ರೋಗಿಗಳ ಸೇವೆಯಲ್ಲಿದೆ. ಅದರ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ 1804ರ ಶಸ್ತ್ರಚಿಕಿತ್ಸಾ ರಂಗವೊಂದಿದೆ. ಅರಿವಳಿಕೆಯನ್ನು ಜಗತ್ತು ಇನ್ನೂ ಕಾಣದಿದ್ದ ಆ ದಿನಗಳಲ್ಲಿ, ಛಾವಣಿಯಿಂದ ಇಳಿಯುವ ಹಗಲಿನ ಬೆಳಕನ್ನೇ ನಂಬಿ ಅಲ್ಲಿ ಕತ್ತಿಯಾಡುತ್ತಿತ್ತು. ವಿದ್ಯಾರ್ಥಿಗಳು ಸುತ್ತಲೂ ನಿಂತು ನೋಡಿ ಕಲಿಯುತ್ತಿದ್ದರು. ಶೂಯಿಲ್ಕಿಲ್ ನದಿಯನ್ನು ದಾಟಿ ಪಶ್ಚಿಮಕ್ಕೆ ನಡೆದರೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಎದುರಾಗುತ್ತದೆ. 1765ರಲ್ಲಿ ಆರಂಭವಾದ ಅದರ ವೈದ್ಯಶಾಲೆ ಆ ದೇಶದಲ್ಲೇ ಮೊದಲನೆಯದು. ಸಮೀಪದಲ್ಲಿಯೇ 1855ರಲ್ಲಿ ಹುಟ್ಟಿದ ಮಕ್ಕಳ ಆಸ್ಪತ್ರೆ.

ಇದೇ ನೆರೆಯಲ್ಲಿ ಹಾಯುವ ಮಾರ್ಕೆಟ್ ಸ್ಟ್ರೀಟಿನ 3624ನೆಯ ಸಂಖ್ಯೆಯ ಕಟ್ಟಡ ನೋಟಕ್ಕೆ ವಿಶೇಷವೇನೂ ಅಲ್ಲ. ಆದರೂ ದಶಕಗಳ ಕಾಲ ಜಗತ್ತಿನ ಮೂಲೆಮೂಲೆಯ ವೈದ್ಯರು ಲಕೋಟೆಗಳ ಮೇಲೆ ಬರೆದ ವಿಳಾಸ ಅದು. ಪರದೇಶದ ವೈದ್ಯಪದವೀಧರರನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡಲು 1956ರಲ್ಲಿ ಸ್ಥಾಪಿತವಾದ ಇ.ಸಿ.ಎಫ್.ಎಂ.ಜಿ. ಸಂಸ್ಥೆಯ ವಿಳಾಸ. 1998ರಲ್ಲಿ ಈ ಸಂಸ್ಥೆ ಹೊಸದೊಂದು ಪರೀಕ್ಷೆಯನ್ನು ತಂದಿತು. ರೋಗಿಗಳಂತೆ ಅಭಿನಯಿಸಲು ತರಬೇತಿ ಪಡೆದವರನ್ನು ಮಾತನಾಡಿಸಿ, ಪರೀಕ್ಷಿಸಿ, ಟಿಪ್ಪಣಿ ಬರೆಯಬೇಕು. ಅದಕ್ಕಾಗಿಯೇ ಸಾಲ ಮಾಡಿ ಸಮುದ್ರ ದಾಟಿ ಬಂದವರು ಅನೇಕರು. 2004ರಿಂದ ಅದೇ ಬಗೆಯ ಪರೀಕ್ಷೆ ಐದು ನಗರಗಳಲ್ಲಿ ನಡೆಯಿತು. ಸಾಂಕ್ರಾಮಿಕದ 2020ರಲ್ಲಿ ನಿಂತಿತು, 2021ರಲ್ಲಿ ರದ್ದಾಯಿತು. ಇಂದು ಯು.ಎಸ್.ಎಂ.ಎಲ್.ಇ.ಯ ಮೊದಲೆರಡು ಹಂತಗಳನ್ನು ಭಾರತದಲ್ಲಿಯೇ ಬರೆಯಬಹುದು. ಪ್ರಮಾಣಪತ್ರಕ್ಕೆ ಬೇಕಾದ ಇಂಗ್ಲಿಷ್ ಸಂವಹನದ ಪರೀಕ್ಷೆಯೂ ಹಾಗೆಯೇ. ಮೊದಲ ಹಂತಕ್ಕೆ 2022ರಿಂದ ಅಂಕವಿಲ್ಲ, ತೇರ್ಗಡೆಯೋ ಅಲ್ಲವೋ ಅಷ್ಟೆ. ಆದಕಾರಣ ಎರಡನೆಯ ಹಂತದ ಅಂಕಕ್ಕೆ ತೂಕ ಹೆಚ್ಚಿದೆ.

ಆದರೆ ಕೇವಲ ಅಂಕದಿಂದ ಬಾಗಿಲು ತೆರೆಯದೆಂಬುದಕ್ಕೆ ಈ ನಗರದಲ್ಲಿಯೇ ಒಂದು ಹಳೆಯ ಅರ್ಜಿ ಸಾಕ್ಷಿಯಾಗಿದೆ. ಕಲ್ಯಾಣದ ಆನಂದೀಬಾಯಿ ಜೋಶಿ 1883ರಲ್ಲಿ, ಹದಿನೆಂಟರ ಹರೆಯದಲ್ಲಿ, ಇಲ್ಲಿಯ ಮಹಿಳಾ ವೈದ್ಯಕೀಯ ಕಾಲೇಜಿಗೆ ಪತ್ರ ಬರೆದಳು. ತನ್ನ ಪೂರ್ವಶಿಕ್ಷಣ ಸಾಲದೆಂಬುದನ್ನು ಅವಳು ಮರೆಮಾಚಲಿಲ್ಲ. ತನ್ನವರ ವಿರೋಧವನ್ನು ದಾಟಿ ಬಂದ ದೃಢಸಂಕಲ್ಪವನ್ನೂ, ತನ್ನ ನಾಡಿನ ಹೆಣ್ಣುಮಕ್ಕಳಿಗೆ ಚಿಕಿತ್ಸೆ ನೀಡುವ ಉದ್ದೇಶವನ್ನೂ ನೇರವಾಗಿ ತಿಳಿಸಿದಳು. ಆ ಪತ್ರ ಇಂದು ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದೆ. 1886ರ ಮಾರ್ಚಿನಲ್ಲಿ ಅವಳು ಪದವಿ ಪಡೆದಾಗ, ಕನ್ನಡ ನಾಡಿನ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಆ ಸಮಾರಂಭದಲ್ಲಿದ್ದರು.

ಇಂದಿನ ಅರ್ಜಿದಾರರು ಬರೆಯಬೇಕಾದ ಆತ್ಮನಿವೇದನೆಗೆ ಇದಕ್ಕಿಂತ ಮೇಲಾದ ಮಾದರಿ ಬೇಕೆ? ಒಂದು ಪುಟ ಸಾಕು. ಈ ವಿಭಾಗವೇ ಏಕೆ, ಇದುವರೆಗೆ ಮಾಡಿದ್ದೇನು, ಮುಂದೆ ಮಾಡಬೇಕೆಂದಿರುವುದೇನು, ಇಷ್ಟನ್ನು ತನ್ನ ಮಾತಿನಲ್ಲಿ ಹೇಳಬೇಕು. ಎರವಲು ತಂದ ಅಲಂಕಾರ ಕೂಡದು. ವ್ಯಾಸಂಗದಲ್ಲಿ ಬಿಡುವಾಗಿದ್ದರೆ ಕಾರಣವನ್ನು ಸರಳವಾಗಿ ತಿಳಿಸಬೇಕು. ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾಗಿದ್ದರೆ ಅಂಕಪಟ್ಟಿಯೇ ಅದನ್ನು ಹೇಳುತ್ತದೆ, ಮುಚ್ಚಿಟ್ಟು ಫಲವಿಲ್ಲ. ಬಹುಪಾಲು ವಿಭಾಗಗಳು ಬಳಸುವ ಎರಾಸ್ ಎಂಬ ಅರ್ಜಿವ್ಯವಸ್ಥೆಯಲ್ಲಿ ಅನುಭವಗಳಿಗೆ ಹತ್ತೇ ಸ್ಥಾನ. ಅವುಗಳಲ್ಲಿ ಮೂರನ್ನು ಮಾತ್ರ ಮುಖ್ಯವೆಂದು ಗುರುತಿಸಬಹುದು. ಒಂದೊಂದು ಆಸ್ಪತ್ರೆಗೆ ಹೆಚ್ಚೆಂದರೆ ನಾಲ್ಕು ಶಿಫಾರಸು ಪತ್ರಗಳು. ದೊಡ್ಡ ಹುದ್ದೆಯವರ ಒಣ ಹೊಗಳಿಕೆಗಿಂತ, ಅಭ್ಯರ್ಥಿ ರೋಗಿಯ ಬಳಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡ ವೈದ್ಯರ ಪತ್ರ ಮೇಲು. ಅವರಲ್ಲಿ ಅಮೆರಿಕದ ಆಸ್ಪತ್ರೆಯವರೂ ಇದ್ದರೆ ಇನ್ನೂ ಒಳಿತು.

ಗಡಿನಾಡಿನ ನಮಗೆ ವಿಶೇಷವಾಗಿ ಸಂಬಂಧಿಸಿದ ತೊಡಕೊಂದಿದೆ: ಅದು ಹೆಸರಿನದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಮನೆಯಲ್ಲಿ ಬಸವರಾಜನಾದವನು ಮರಾಠಿ ದಾಖಲೆಯ ಮೂಲಕ ಇಂಗ್ಲಿಷಿಗೆ ಇಳಿಯುವಾಗ ಬಸ್ವರಾಜನಾಗಿಬಿಡುತ್ತಾನೆ. ಒಂದು ಪತ್ರದಲ್ಲಿ ಮನೆತನದ ಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಮದುವೆಯಾದ ಹೆಣ್ಣುಮಗಳಿಗೆ ತಂದೆಯ ಹೆಸರಿನ ಎಡೆಯಲ್ಲಿ ಗಂಡನ ಹೆಸರು ಬಂದಿರುತ್ತದೆ. ತಮಿಳುನಾಡಿನ ಗಡಿಯಲ್ಲಿರುವವರಿಗೆ ಇನಿಷಿಯಲ್ಲಿನ ಗೊಂದಲ. ಊರಿನವರಿಗೆ ಇವೆಲ್ಲ ಒಬ್ಬನೇ ವ್ಯಕ್ತಿ. ದೂರದಲ್ಲಿ ಕುಳಿತು ಕಾಗದ ನೋಡುವವರಿಗೆ ಇಬ್ಬರು. ಪಾಸ್‌ಪೋರ್ಟು, ಪದವಿಪತ್ರ, ಪರೀಕ್ಷೆಯ ನೋಂದಣಿ ಇವೆಲ್ಲದರಲ್ಲಿಯೂ ಹೆಸರು ಅಕ್ಷರಶಃ ಒಂದಾಗಿರಲಿ. ವ್ಯತ್ಯಾಸವಿದ್ದರೆ ಅದನ್ನು ಸಮರ್ಥಿಸುವ ಅಧಿಕೃತ ದಾಖಲೆ ಮೊದಲೇ ಸಿದ್ಧವಿರಲಿ. ಇಂಗ್ಲಿಷಿನಲ್ಲಿಲ್ಲದ ಪತ್ರಗಳಿಗೆ ಪದಶಃ ಅನುವಾದ ಬೇಕು. ಪದವಿಪತ್ರವನ್ನು ಸಂಸ್ಥೆಯು ನೇರವಾಗಿ ಓದಿದ ಕಾಲೇಜಿನಿಂದಲೇ ದೃಢಪಡಿಸಿಕೊಳ್ಳುತ್ತದೆ. ಆದುದರಿಂದ ಕಾಲೇಜಿನ ಕಚೇರಿಗೆ ತಿಂಗಳುಗಳ ಮುಂಚೆಯೇ ತಿಳಿಸಿರುವುದು ಜಾಣತನ.

ಅರ್ಜಿಗಳು ಸೆಪ್ಟೆಂಬರಿನ ಕೊನೆಯಲ್ಲಿ ಆಸ್ಪತ್ರೆಗಳ ಕೈಸೇರುತ್ತವೆ. ಚಳಿಗಾಲದಲ್ಲಿ ಸಂದರ್ಶನ, 2020ರ ನಂತರ ಬಹುಮಟ್ಟಿಗೆ ಮನೆಯಿಂದಲೇ, ಪರದೆಯ ಮೂಲಕ. ಅನಂತರ ಅಭ್ಯರ್ಥಿಯೂ ಆಸ್ಪತ್ರೆಯೂ ತಮ್ಮ ತಮ್ಮ ಇಷ್ಟದ ಕ್ರಮಪಟ್ಟಿಯನ್ನು ಗುಟ್ಟಾಗಿ ಸಲ್ಲಿಸುತ್ತಾರೆ. 1952ರಿಂದ ನಡೆದುಬಂದ ಈ ಜೋಡಣೆಗೆ ಮ್ಯಾಚ್ ಎಂದು ಹೆಸರು. ಇದರ ಗಣಿತವನ್ನು ತಿದ್ದಿ ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಆ ಗಣಿತದ ಸೊಗಸೆಂದರೆ, ಇಲ್ಲಿ ಕಪಟಕ್ಕೆ ಲಾಭವಿಲ್ಲ. ಎಲ್ಲಿ ಸಿಗಬಹುದೆಂದು ಲೆಕ್ಕಹಾಕದೆ, ನಿಜವಾಗಿ ಎಲ್ಲಿ ಇಷ್ಟವೋ ಅದನ್ನೇ ಮೊದಲು ಬರೆಯಬೇಕು; ಅದು ಕೈತಪ್ಪಿದರೂ ಎರಡನೆಯದಕ್ಕೆ ಕುಂದಿಲ್ಲ. ಫಲಿತಾಂಶ ಮಾರ್ಚಿಯ ಮೂರನೆಯ ವಾರ. ಸೋಮವಾರ ಸ್ಥಾನ ದೊರೆತಿದೆಯೋ ಇಲ್ಲವೋ ತಿಳಿಯುತ್ತದೆ, ಶುಕ್ರವಾರ ಯಾವ ಊರೆಂಬುದು. ದೊರೆಯದವರಿಗೆ ಉಳಿದ ಸ್ಥಾನಗಳಿಗಾಗಿ ಅದೇ ವಾರ ಮತ್ತೊಂದು ಸುತ್ತು ಉಂಟು. ಆಗ ತಾವಾಗಿ ಆಸ್ಪತ್ರೆಗಳಿಗೆ ಫೋನು ಮಾಡುವುದು ನಿಯಮಬಾಹಿರ. ಅಮೆರಿಕದ ಪ್ರಜೆಗಳಲ್ಲದ ಪರದೇಶಿ ಪದವೀಧರರಲ್ಲಿ ಇತ್ತೀಚಿನ ವರ್ಷಗಳಲ್ಲಿ ಸ್ಥಾನ ಪಡೆದವರು ಹತ್ತರಲ್ಲಿ ಸುಮಾರು ಆರು ಮಂದಿ. ಉಳಿದ ನಾಲ್ವರಲ್ಲಿ ತಮ್ಮ ಮಗುವೂ ಇರಬಹುದೆಂಬುದನ್ನು ನೆನೆದೇ ಹೆತ್ತವರು ಹೊಲ ಒತ್ತೆಯಿಡುವ ಮಾತಾಡಬೇಕು.

ಸ್ಥಾನ ದೊರೆತ ಮೇಲೂ ಎಚ್ಚರ ಬೇಕು. ಇದೇ ಫಿಲಡೆಲ್ಫಿಯಾದ ಹಾನೆಮನ್ ಆಸ್ಪತ್ರೆ 2019ರಲ್ಲಿ ಮುಚ್ಚಿದಾಗ ಐನೂರಕ್ಕೂ ಹೆಚ್ಚು ತರಬೇತಿಯ ವೈದ್ಯರು ಬೇರೆ ನೆಲೆ ಹುಡುಕಬೇಕಾಯಿತು. ವೀಸಾದ ಮೇಲೆ ಬಂದವರ ಕಳವಳವಂತೂ ಇಮ್ಮಡಿಯಾಗಿತ್ತು. ಕೇವಲ ಹೆಸರು ಕೇಳಿ ಆಸ್ಪತ್ರೆಯನ್ನು ಆರಿಸದೆ, ಅದರ ಸ್ಥಿತಿಗತಿಯನ್ನೂ, ಯಾವ ವೀಸಾ ಕೊಡಿಸುತ್ತದೆಂಬುದನ್ನೂ ವಿಚಾರಿಸಬೇಕು. ಹಲವರು ಹೋಗುವ ಜೆ-1 ವೀಸಾಕ್ಕೆ ಭಾರತದ ಆರೋಗ್ಯ ಸಚಿವಾಲಯದ ಪತ್ರ ಬೇಕು. ತರಬೇತಿ ಮುಗಿದ ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಕಟ್ಟಳೆಯೂ ಅದಕ್ಕಿದೆ. ವೈದ್ಯರ ಕೊರತೆಯಿರುವ ಅಮೆರಿಕದ ಊರುಗಳಲ್ಲಿ ಮೂರು ವರ್ಷ ದುಡಿಯಲು ಒಪ್ಪಿದವರಿಗೆ ಈ ಕಟ್ಟಳೆಯಿಂದ ವಿನಾಯಿತಿ ದೊರೆಯಬಹುದು. ಅದಕ್ಕೆ ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಮೂವತ್ತು ಸ್ಥಾನಗಳ ಯೋಜನೆಯೊಂದಿದೆ.

ಹಲವರು ಆ ಎರಡು ವರ್ಷಗಳನ್ನು ದಂಡವೆಂದು ಬಗೆಯುತ್ತಾರೆ. ಕೊಲ್ಲಾಪುರದ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆಯನ್ನು ಒಪ್ಪಿಕೊಂಡು ಮರಳಿದ ಆನಂದೀಬಾಯಿ, ಆ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲೇ 1887ರ ಫೆಬ್ರುವರಿಯಲ್ಲಿ ಕ್ಷಯಕ್ಕೆ ತುತ್ತಾದಳು. ಆಗ ಅವಳ ವಯಸ್ಸು ಇಪ್ಪತ್ತೊಂದು. ಕಲಿತದ್ದನ್ನು ತನ್ನ ಜನಕ್ಕೆ ಕೊಡುವ ಎರಡು ವರ್ಷ ಅವಳಿಗೆ ಸಿಗಲಿಲ್ಲ. ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳಬಲ್ಲ ವೈದ್ಯರಿಗಾಗಿ ನಮ್ಮ ಗಡಿಯ ಹಳ್ಳಿಗಳು ಇಂದಿಗೂ ಕಾದಿವೆ. ಅರ್ಜಿ ತುಂಬುವ ತರುಣ ತರುಣಿಯರು, ಮರಳಿ ಬಂದು ಮಾಡುವುದೇನು ಎಂಬ ಪ್ರಶ್ನೆಗೂ ಒಂದು ಸಾಲಿನ ಪ್ರಾಮಾಣಿಕ ಉತ್ತರವನ್ನು ತಮಗಾಗಿ ಬರೆದಿಟ್ಟುಕೊಳ್ಳಲಿ.