ಅವಧಾನವೂ ಉಪವನವೂ

ಮನಸ್ಸು ಚಂಚಲವೆಂಬುದು ಬಹು ಹಳೆಯ ಮಾತು. ಮರದ ಮೇಲಣ ಹಕ್ಕಿಯ ಹೊರತು ಮತ್ತೇನನ್ನೂ ಕಾಣದಿದ್ದ ಅರ್ಜುನನೇ ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ದುಷ್ಕರವೆಂದು ದೂರಿಕೊಳ್ಳುತ್ತಾನೆ. ಅಂತಹ ಬಿಲ್ಲುಗಾರನಿಗೇ ಈ ಪಾಡಾದರೆ ಉಳಿದವರ ಮಾತೇನು? ಆದರೆ ಎಲ್ಲರ ಚಾಂಚಲ್ಯವೂ ಒಂದೇ ಬಗೆಯದಲ್ಲ. ಕೆಲವರಲ್ಲಿ ಅದು ಬಾಲ್ಯದಿಂದಲೇ ಬೇರೂರಿ ಓದು, ಉದ್ಯೋಗ, ಸ್ನೇಹ, ಸಂಸಾರಗಳೆಲ್ಲಕ್ಕೂ ಅಡ್ಡಿಯಾಗುವಷ್ಟು ಪ್ರಬಲವಾಗಿರುವುದು. ಇದನ್ನು ಇಂದಿನ ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವರು. ಅವಧಾನದ ಕೊರತೆ, ಅತಿಯಾದ ಚಟುವಟಿಕೆ, ಆತುರ ಇವು ಇದರ ಲಕ್ಷಣಗಳು.

ಈ ಸ್ಥಿತಿಯು ಈಚಿನದೆಂದು ತಿಳಿಯುವುದು ಸರಿಯಲ್ಲ. 1798ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯನಾದ ಅಲೆಗ್ಸಾಂಡರ್ ಕ್ರೈಟನ್ ಎಂಬಾತನು ಅವಧಾನದ ವ್ಯಾಧಿಗಳನ್ನು ಕುರಿತು ತನ್ನ ಗ್ರಂಥದಲ್ಲಿ ಒಂದು ಅಧ್ಯಾಯವನ್ನು ಬರೆದನು. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಶಿಶುವೈದ್ಯನು ಲಂಡನ್ನಿನ ಉಪನ್ಯಾಸಗಳಲ್ಲಿ ಇಂತಹ ಮಕ್ಕಳನ್ನು ವರ್ಣಿಸಿ, ಬುದ್ಧಿಯ ಕೊರತೆಯಿಲ್ಲದೆಯೂ ಹೀಗಾಗುವುದುಂಟೆಂದು ತೋರಿಸಿದನು. ಆದರೆ ಆತನು ಅದಕ್ಕಿಟ್ಟ ಹೆಸರು ನೈತಿಕ ಸಂಯಮದ ದೋಷವೆಂಬುದು! ಹೆಸರು ಕೆಟ್ಟದಾದರೆ ಅದನ್ನು ಹೊತ್ತವನಿಗೆ ಸುಖವಿಲ್ಲ. ಇದು ಬಹುಮಟ್ಟಿಗೆ ಆನುವಂಶಿಕವಾದುದು, ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟುದು ಎಂದು ಈಗ ತಿಳಿದುಬಂದಿದ್ದರೂ, ಸೋಮಾರಿ, ಉಡಾಳ ಎಂಬ ಬಿರುದುಗಳು ಆ ಮಗುವನ್ನು ಇನ್ನೂ ಬಿಟ್ಟಿಲ್ಲ. ಪತಂಜಲಿಯು ಚಿತ್ತವಿಕ್ಷೇಪಗಳನ್ನು ಎಣಿಸುವಾಗ ವ್ಯಾಧಿಯನ್ನು ಮೊದಲು ಹೇಳಿ, ಪಡೆದ ನೆಲೆಯಲ್ಲಿ ನಿಲ್ಲಲಾರದಿರುವುದನ್ನು ಕೊನೆಗೆ ಹೇಳುತ್ತಾನೆ. ಆತನಿಗೆ ಅವು ಅಂತರಾಯಗಳು, ಅಪರಾಧಗಳಲ್ಲ.

ಇನ್ನು ಉಪಾಯದ ವಿಚಾರ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೇಚಲ್ ಕಪ್ಲಾನ್, ಸ್ಟೀಫನ್ ಕಪ್ಲಾನ್ ದಂಪತಿಗಳು 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವಧಾನದ ಎರಡು ರೀತಿಗಳನ್ನು ವಿವರಿಸಿರುವರು. ಲೆಕ್ಕವನ್ನು ಮಾಡುವಾಗ ಮನಸ್ಸನ್ನು ಬಲವಂತದಿಂದ ಹಿಡಿದಿರುವುದು ಒಂದು. ಇದು ದುಡಿದ ತೋಳಿನಂತೆ ದಣಿಯುವುದು. ಎಲೆಯ ಅಲುಗಾಟ, ಮೋಡದ ನಡೆ, ನೀರಿನ ಮೇಲಣ ಬೆಳಕು ಇವುಗಳ ಕಡೆಗೆ ಮನಸ್ಸು ತಾನಾಗಿಯೇ ಒಲಿಯುವುದು ಇನ್ನೊಂದು. ಇದರಲ್ಲಿ ಪ್ರಯಾಸವಿಲ್ಲದುದರಿಂದ ಮೊದಲನೆಯ ಶಕ್ತಿಗೆ ವಿಶ್ರಾಂತಿ ದೊರೆಯುವುದು. ಬೀದಿಯ ವಾಹನಗಳ ಗದ್ದಲವೂ ಮನಸ್ಸನ್ನು ಸೆಳೆಯುವುದು ನಿಜ. ಆದರೆ ಆ ಸೆಳೆತದಲ್ಲಿ ಎಚ್ಚರವಿದೆ, ಬಿಡುವಿಲ್ಲ.

ಈ ಸಿದ್ಧಾಂತವನ್ನು ಮಕ್ಕಳಲ್ಲಿಯೂ ಪರೀಕ್ಷಿಸಿ ನೋಡಿದ್ದುಂಟು. ಇಲಿನಾಯ್ ವಿಶ್ವವಿದ್ಯಾನಿಲಯದ ಆಂಡ್ರಿಯಾ ಫೇಬರ್ ಟೇಲರ್, ಫ್ರಾನ್ಸಿಸ್ ಕುವೊ ಎಂಬಿಬ್ಬರು ವಿದುಷಿಯರು 2009ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ಇದನ್ನು ವಿವರಿಸಿರುವರು. ಎ.ಡಿ.ಎಚ್.ಡಿ. ಇರುವುದಾಗಿ ನಿರ್ಣಯವಾಗಿದ್ದ, 7ರಿಂದ 12 ವರ್ಷದ 17 ಮಕ್ಕಳನ್ನು ಒಂದು ಸಲ ಉಪವನದಲ್ಲಿ, ಒಂದು ಸಲ ಪೇಟೆಯ ನಡುವೆ, ಒಂದು ಸಲ ಮನೆಗಳ ಸಾಲಿನ ಬೀದಿಯಲ್ಲಿ ತಲಾ 20 ನಿಮಿಷ ನಡೆಸಿದರು. ಬಳಿಕ ಕೆಲವು ಅಂಕಿಗಳನ್ನು ಹೇಳಿ, ಅವನ್ನು ಹಿಂದುಮುಂದಾಗಿ ಒಪ್ಪಿಸುವಂತೆ ಕೇಳಿದರು. ಉಪವನದಲ್ಲಿ ನಡೆದು ಬಂದ ಮೇಲೆ ಮಕ್ಕಳು ಉಳಿದೆರಡು ನಡಿಗೆಗಳ ತರುವಾಯಕ್ಕಿಂತ ಚೆನ್ನಾಗಿ ಒಪ್ಪಿಸಿದರು. ಮಕ್ಕಳೂ ಅವರೇ, ನಡೆದ ಹೊತ್ತೂ ಅಷ್ಟೇ, ನೆಲವೊಂದೇ ಬೇರೆ. ಹದಿನೇಳು ಮಕ್ಕಳು ಸ್ವಲ್ಪವೇ ಸರಿ. ಇದನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಅವಿವೇಕ. ಆದರೆ ಖರ್ಚಿಲ್ಲದ, ಕೇಡಿಲ್ಲದ ಈ ಸಹಾಯವನ್ನು ಅಲಕ್ಷ್ಯಮಾಡುವುದೂ ವಿವೇಕವಲ್ಲ.

ಇಂತಹ ನಡಿಗೆಗೆ ಧ್ಯಾನವು ಕೂಡಿದರೆ ಅದೊಂದು ಅಭ್ಯಾಸವೇ ಆಗುವುದು. ಕಣ್ಣುಮುಚ್ಚಿ ಅಲುಗದೆ ಕುಳಿತಿರೆಂದು ಚಂಚಲಸ್ವಭಾವದವನಿಗೆ ಹೇಳುವುದು ಕುಂಟನಿಗೆ ಬೆಟ್ಟವನ್ನು ತೋರಿಸಿದಂತೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಿಡಿಯಾ ಜಿಲೊವ್‌ಸ್ಕಾ ಮತ್ತು ಸಂಗಡಿಗರು ವಯಸ್ಕರಿಗೂ ಹದಿಹರೆಯದವರಿಗೂ ರೂಪಿಸಿ 2008ರಲ್ಲಿ ಪ್ರಕಟಿಸಿದ 8 ವಾರಗಳ ಕ್ರಮದಲ್ಲಿ ಧ್ಯಾನವನ್ನು 5 ನಿಮಿಷದಿಂದ ಆರಂಭಿಸಿ ಮೆಲ್ಲಮೆಲ್ಲನೆ 15 ನಿಮಿಷಕ್ಕೆ ಏರಿಸಿದರು. ಕೂರಲಾರದವರು ನಡೆಯುತ್ತಲೇ ಧ್ಯಾನಿಸಬಹುದೆಂದರು. ಮರಗಳ ನಡುವೆ ಇದನ್ನು ಮಾಡುವ ಬಗೆ ಬಹು ಸುಲಭ. ಮೆಲ್ಲನೆ ನಡೆಯುತ್ತ ಪಾದವು ನೆಲವನ್ನು ಮುಟ್ಟುವುದನ್ನು ಗಮನಿಸುವುದು. ಒಂದು ಹಕ್ಕಿಯ ದನಿಯನ್ನು ಅದು ನಿಲ್ಲುವವರೆಗೆ ಕೇಳುವುದು. ತೊಗಟೆಯನ್ನು ಬೆರಳಿನಿಂದ ತಡವಿ ಅದರ ಒರಟನ್ನು ಅರಿಯುವುದು. ನಡುವೆ ಮನಸ್ಸು ಓಡಿಹೋಗುವುದು ಖಂಡಿತ. ಓಡಿತೆಂದು ತಿಳಿದೊಡನೆ ಬೈಯದೆ ಹಿಂದಕ್ಕೆ ಕರೆದು ತರುವುದು.

ಇಲ್ಲಿಯೇ ಇದರ ಗುಟ್ಟು ಇರುವುದು. ಈ ಧ್ಯಾನಕ್ಕೆ ಮೂಲವಾದ ಬೌದ್ಧರ ಸತಿ ಎಂಬ ಪಾಳಿ ಶಬ್ದವು ಸಂಸ್ಕೃತದ ಸ್ಮೃತಿಯೇ. ಸ್ಮೃತಿಯೆಂದರೆ ನೆನಪು. ಮರೆಯದವನಿಗೆ ನೆನೆಯುವ ಕೆಲಸವೆಲ್ಲಿಯದು? ನೂರು ಸಲ ಓಡಿದ ಮನಸ್ಸನ್ನು ನೂರು ಸಲ ಕರೆತಂದವನು ನೂರು ಸಲ ಸೋತವನಲ್ಲ. ನೂರು ಸಲ ಅಭ್ಯಾಸ ಮಾಡಿದವನು. ಜನ್ಮವೆಲ್ಲ ಬೈಗಳನ್ನೇ ಕೇಳಿ ಬೆಳೆದವನಿಗೆ ಈ ಎಣಿಕೆಯೇ ಅರ್ಧ ಚಿಕಿತ್ಸೆ.

ಇಷ್ಟನ್ನು ಬಲ್ಲ ಮೇಲೆ ಪಾಠಶಾಲೆಗಳ ಒಂದು ಪದ್ಧತಿಯು ಚಿಂತೆಗೆ ಕಾರಣವಾಗುವುದು. ಪಾಠದಲ್ಲಿ ಗಮನವಿಡದ ಮಗುವಿಗೆ ಆಟದ ಬಿಡುವನ್ನು ತಪ್ಪಿಸಿ ಒಳಗೆ ಕೂರಿಸುವುದು ಹಲವು ಕಡೆ ಸಾಮಾನ್ಯವಾದ ಶಿಕ್ಷೆ. ಶಿಕ್ಷೆಗಾಗಲಿ ಓದಿಗಾಗಲಿ ಆ ಬಿಡುವನ್ನು ಕಸಿಯಕೂಡದೆಂದು ಅಮೆರಿಕದ ಶಿಶುವೈದ್ಯರ ಅಕಾಡೆಮಿಯು 2013ರಲ್ಲಿ ಸ್ಪಷ್ಟವಾಗಿ ಹೇಳಿತು. ಬಾಯಾರಿದವನು ಕೂಗಿದನೆಂದು ನೀರಿನ ಕೊಡವನ್ನು ಎತ್ತಿಡುವುದು ನ್ಯಾಯವೆ? ಗಮನವು ದಣಿದ ಮಗುವಿಗೆ ಬೇಕಾದುದು ಬಾಗಿಲಿನ ಆಚೆ ಇದೆ. ಬೆತ್ತವನ್ನು ಹಿಡಿಯುವ ಕೈ ಆ ಬಾಗಿಲನ್ನು ತೆರೆದರೆ ಸಾಕು. ಉಳಿದ ಪಾಠವನ್ನು ಮರವೇ ಆರಂಭಿಸೀತು.